ಬೆಳಿಗ್ಗೆ ಚಪ್ಪಟೆ, ಸಂಜೆ ಉಬ್ಬು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ‘ವಿ’ ಎಂದಷ್ಟೇ ಕರೆಯಲಾಗಿದೆ. ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ದಿನವಿಡೀ ಕುಳಿತು ಮಾಡುವ ಉದ್ಯೋಗ, ಎತ್ತರ 173 ಸೆಂ.ಮೀ., ತೂಕ 79 ಕೆ.ಜಿ. ಅವರು ನನ್ನ ಬಳಿ ಬಂದದ್ದು ಹೊಟ್ಟೆ ಕರಗಿಸಿಕೊಳ್ಳುವುದಕ್ಕಲ್ಲ. ರಾತ್ರಿ ತಿನ್ನಲು ಕುಳಿತರೆ ಹಿಡಿತ ತಪ್ಪುತ್ತಿದೆ, ನಿದ್ದೆ ಹತ್ತುತ್ತಿಲ್ಲ, ಸಣ್ಣ ಮಾತಿಗೂ ರೇಗಾಡುತ್ತಿದ್ದೇನೆ ಎಂಬುದು ಅವರ ದೂರಾಗಿತ್ತು. ಅರ್ಧ ಗಂಟೆ ಮಾತಾಡುವಷ್ಟರಲ್ಲಿ ಈ ಮೂರೂ ದೂರುಗಳು ಒಂದೇ ಗುರಿಯ ಸುತ್ತ ಹೆಣೆದುಕೊಂಡಿವೆ ಎಂಬುದು ಸ್ಪಷ್ಟವಾಯಿತು. ಒಂದು ವರ್ಷದಿಂದ ಅವರು ಚಪ್ಪಟೆಯಾದ, ಗೆರೆ ಮೂಡಿದ ಹೊಟ್ಟೆಗಾಗಿ ಪಟ್ಟು ಹಿಡಿದಿದ್ದರು.

ಅವರ ದಿನಚರಿ ಹೀಗಿತ್ತು. ಬೆಳಗಿನ ಉಪಾಹಾರ ಇಲ್ಲ. ಮಧ್ಯಾಹ್ನ ಹಾಲಿನಲ್ಲಿ ಕಲಸಿದ ಪ್ರೋಟೀನ್ ಪುಡಿ. ಹಸಿವು ಕೆರಳಿದಾಗಲೆಲ್ಲ ಸಕ್ಕರೆರಹಿತ ಚೂಯಿಂಗ್ ಗಮ್, ಮತ್ತೆ ಕಾಫಿ. ಸಂಜೆ ಲಘು ಊಟ. ಮಲಗುವ ಮೊದಲು ನೆಲದ ಮೇಲೆ ಮುನ್ನೂರು ಕ್ರಂಚಸ್, ಅಂದರೆ ಅಂಗಾತ ಮಲಗಿ ಭುಜ ಎತ್ತಿ ಹೊಟ್ಟೆ ಬಿಗಿಯುವ ವ್ಯಾಯಾಮ. ವಾರದಲ್ಲಿ ಎರಡು ಮೂರು ರಾತ್ರಿ, ಕ್ರಂಚಸ್ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವುದು, ಅದರ ಪ್ರಾಯಶ್ಚಿತ್ತವಾಗಿ ಮರುದಿನ ಇನ್ನಷ್ಟು ಬಿಗಿಯಾದ ಉಪವಾಸ. ಇದರ ಜೊತೆಗೆ ಮೊಬೈಲಿನಲ್ಲಿ ಒಂದು ಪ್ರತ್ಯೇಕ ಆಲ್ಬಮ್ ಇತ್ತು. ಅದರಲ್ಲಿ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಅಂಗಿ ಎತ್ತಿ ತೆಗೆದುಕೊಂಡ ಹೊಟ್ಟೆಯ ಚಿತ್ರಗಳು ಸಾಲಾಗಿದ್ದವು.

ಆ ಆಲ್ಬಮನ್ನು ಅವರು ತಮ್ಮ ಸೋಲಿನ ಸಾಕ್ಷಿಯೆಂದು ನನ್ನ ಮುಂದಿಟ್ಟರು. ಬೆಳಗಿನ ಚಿತ್ರದಲ್ಲಿ ಹೊಟ್ಟೆ ಬಹುಮಟ್ಟಿಗೆ ಸಮತಟ್ಟಾಗಿತ್ತು, ಅದೇ ದಿನದ ಸಂಜೆಯ ಚಿತ್ರದಲ್ಲಿ ಎದ್ದು ಕಾಣುವಷ್ಟು ಮುಂದಕ್ಕೆ ಬಂದಿತ್ತು. “ನೋಡಿ, ಏನೂ ತಿನ್ನದೆ ಇದ್ದರೂ ಹತ್ತು ಗಂಟೆಯಲ್ಲಿ ಬೊಜ್ಜು ಬಂದುಬಿಡುತ್ತದೆ” ಎಂದರು. ನಾನು ಅವರನ್ನು ಲೆಕ್ಕಕ್ಕೆ ಎಳೆದೆ. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಅಷ್ಟು ಕೊಬ್ಬು ಒಂದು ಹಗಲಿನಲ್ಲಿ ಹೊಸದಾಗಿ ಸೇರಬೇಕಾದರೆ ಆ ದಿನದ ಖರ್ಚನ್ನು ಕಳೆದು ಮೇಲೆ ಅಷ್ಟನ್ನು ತಿಂದಿರಬೇಕು. ಚೂಯಿಂಗ್ ಗಮ್ ಮತ್ತು ಕಾಫಿಯ ಮೇಲೆ ದಿನ ನೂಕಿದವರಿಗೆ ಅದು ಸಾಧ್ಯವೇ ಇಲ್ಲ. ಅಂದಮೇಲೆ ಸಂಜೆಯ ಉಬ್ಬು ಕೊಬ್ಬಲ್ಲ.

ಅದೇನೆಂಬುದು ಅವರ ದಿನಚರಿಯಲ್ಲೇ ಬರೆದಿತ್ತು. ಸಕ್ಕರೆರಹಿತ ಗಮ್‌ಗೆ ಸಿಹಿ ಕೊಡುವ ಸಾರ್ಬಿಟಾಲ್‌ನಂಥ ವಸ್ತುಗಳನ್ನು ಸಣ್ಣ ಕರುಳು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತದೆ. ಜೊತೆಗೆ, ಗಮ್ ಜಗಿಯುವಾಗ ಗಾಳಿಯೂ ಒಳಗೆ ಹೋಗುತ್ತದೆ. ಹಾಲಿನ ಸಕ್ಕರೆಯೂ ಕೆಲವರಿಗೆ ಪೂರ್ತಿ ಜೀರ್ಣವಾಗದೆ ಹೀಗೆಯೇ ಗ್ಯಾಸ್ ಆಗುತ್ತದೆ. ಹಾಲು ಕುಡಿದ ದಿನ ಉಬ್ಬರ ಹೆಚ್ಚೆಂಬುದನ್ನು ಅವರೇ ಗಮನಿಸಿದ್ದರಾದರೂ ಅದನ್ನು ಪ್ರೋಟೀನ್ ಪುಡಿಯ ‘ಕ್ಯಾಲೊರಿ’ಯ ತಲೆಗೆ ಕಟ್ಟಿದ್ದರು. ನಾರಿನಂಶವಿಲ್ಲದ ಆಹಾರದಿಂದ ಮಲಬದ್ಧತೆಯೂ ಸೇರಿಕೊಂಡಿತ್ತು. ಇಷ್ಟರ ಮೇಲೆ, ಬೆಳಗಿನ ಚಿತ್ರ ಉಸಿರು ಬಿಗಿಹಿಡಿದು ತೆಗೆದದ್ದು, ಸಂಜೆಯದು ದಣಿದು ಬೆನ್ನು ಸಡಿಲಬಿಟ್ಟು ನಿಂತು ತೆಗೆದದ್ದು. ಹಸಿವನ್ನು ಅಡಗಿಸಲು ಅವರು ಬಳಸುತ್ತಿದ್ದ ಉಪಾಯವೇ ಹೊಟ್ಟೆಯನ್ನು ಉಬ್ಬಿಸುತ್ತಿತ್ತು, ಆ ಉಬ್ಬನ್ನು ಕಂಡು ಅವರು ಇನ್ನಷ್ಟು ಹಸಿದಿರುತ್ತಿದ್ದರು. ಇಡೀ ಪ್ರಕರಣದ ಗಂಟು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಉಬ್ಬರಕ್ಕೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಮೊದಲು ವೈದ್ಯರ ಬಳಿ ಕಳುಹಿಸಿದೆ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಇಳಿಯದೇ ಉಳಿಯುವ ಉಬ್ಬರ ಇವುಗಳಲ್ಲಿ ಒಂದಿದ್ದರೂ ಆಪ್ತಸಲಹೆ ಎರಡನೆಯ ಮಾತು. ಅವರಿಗೆ ಅಂಥದ್ದೇನೂ ಇರಲಿಲ್ಲ. ಎರಡು ವಾರ ಹಾಲು ಬಿಟ್ಟು ನೋಡಿ, ಗಮ್ ಪೂರ್ತಿ ನಿಲ್ಲಿಸಿ ಎಂದು ವೈದ್ಯರು ಹೇಳಿದರು. ಅಂತರ್ಜಾಲದಲ್ಲಿ ತರಿಸಿದ್ದ ‘ಕೊಬ್ಬು ಕರಗಿಸುವ’ ಮಾತ್ರೆಗಳನ್ನೂ ನಿಲ್ಲಿಸಲಾಯಿತು. ಅದರ ಹೊದಿಕೆಯ ಮೇಲೆ ನಮೂದಾಗಿದ್ದ ಕೆಫೀನ್ ಪ್ರಮಾಣವನ್ನು ದಿನದ ಕಾಫಿಗೆ ಸೇರಿಸಿ ನೋಡಿದರೆ ನಿದ್ದೆ ಬಾರದಿರುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ರಾತ್ರಿ ಹಿಡಿತ ತಪ್ಪುವುದನ್ನು ಅವರು ಮನೋದೌರ್ಬಲ್ಯವೆಂದು ಬಗೆದಿದ್ದರು. ಇಲ್ಲಿ ನಾನು ಒಂದು ಹಳೆಯ ಪ್ರಯೋಗದ ವಿವರ ಹೇಳಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ಪರಿಣಾಮಗಳನ್ನು ದಾಖಲಿಸಿದರು. ಅವರೆಲ್ಲ ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಗರೆಂದು ಆರಿಸಿ ತೆಗೆದವರು. ಆದರೂ ಹಸಿವಿನ ತಿಂಗಳುಗಳಲ್ಲಿ ಅವರ ಯೋಚನೆಯೆಲ್ಲ ಆಹಾರದ ಸುತ್ತಲೇ ಸುತ್ತತೊಡಗಿತು, ಕೆಲವರು ಅಡುಗೆಯ ಪುಸ್ತಕಗಳನ್ನು ಓದಲು ಕುಳಿತರು, ಸಿಡುಕು ಮತ್ತು ಖಿನ್ನತೆ ಕಾಣಿಸಿಕೊಂಡವು, ಊಟದ ನಿರ್ಬಂಧ ತೆಗೆದ ಮೇಲೆ ಹಲವರು ಹೊಟ್ಟೆ ಬಿರಿಯುವಂತೆ ತಿಂದರು. ವಿ ಅವರ ಸಿಡುಕೂ ರಾತ್ರಿಯ ತಿನ್ನುವಿಕೆಯೂ ಇದೇ ಸಾಲಿನವು. ಹಗಲಿಡೀ ತಡೆಹಿಡಿದ ಹಸಿವು ರಾತ್ರಿ ಬಡ್ಡಿ ಸಮೇತ ವಸೂಲಾಗುತ್ತಿತ್ತು.

ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ತಿಂದೂ ಸಣ್ಣಗಾಗಬಹುದೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಆಹಾರತಜ್ಞರ ಜೊತೆ ಸೇರಿ ಉತ್ತರ ರೂಪಿಸಿದೆವು. ದಿನದ ಖರ್ಚಿಗಿಂತ 400ರಿಂದ 500 ಕಿಲೊಕ್ಯಾಲೊರಿಯಷ್ಟೇ ಕಡಿಮೆ, ಅದೂ ಮೂರು ಹೊತ್ತಿನ ಊಟದಲ್ಲಿ ಹಂಚಿ. ತೂಕದ ಪ್ರತಿ ಕಿಲೊಗೆ 1.2ರಿಂದ 1.6 ಗ್ರಾಂ ಪ್ರೋಟೀನ್, ಅಂದರೆ ಅವರಿಗೆ ಸರಿಸುಮಾರು 95ರಿಂದ 125 ಗ್ರಾಂ. ಪ್ರತಿ ಊಟದಲ್ಲಿ ತರಕಾರಿ, ಕಾಳು, ಇಡಿಧಾನ್ಯ, ಆದರೆ ನಾರಿನಂಶವನ್ನು ಒಮ್ಮೆಲೇ ಏರಿಸದೆ ವಾರವಾರಕ್ಕೆ ಸ್ವಲ್ಪ ಸ್ವಲ್ಪವಾಗಿ, ಏಕೆಂದರೆ ಒಮ್ಮೆಲೇ ಏರಿಸಿದರೆ ಉಬ್ಬರವೇ ಹೆಚ್ಚುತ್ತದೆ. ವಾರಕ್ಕೆ ಅರ್ಧ ಕಿಲೊ ಇಳಿದರೆ ಸಾಕು, ಅದಕ್ಕಿಂತ ವೇಗ ಬೇಡ ಎಂದು ಮೊದಲೇ ಒಪ್ಪಂದವಾಯಿತು. ವಾಸ್ತವದಲ್ಲಿ ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ವೇಗ ತಾನಾಗಿಯೇ ಇನ್ನೂ ಕುಗ್ಗುತ್ತದೆ. ಈ ಸಂಗತಿಯನ್ನು ಮೊದಲೇ ಹೇಳಿಡುವುದು ಒಳ್ಳೆಯದು, ಇಲ್ಲವಾದರೆ ಮೂರನೆಯ ತಿಂಗಳಲ್ಲಿ ಜನ ಹತಾಶರಾಗಿ ಕೈಬಿಡುತ್ತಾರೆ. ಬೆಳಗಿನ ಉಪಾಹಾರಕ್ಕೆ ಅವರು ಒಪ್ಪಲು ಎರಡು ಭೇಟಿ ಹಿಡಿಯಿತು. ಉಪವಾಸವನ್ನೇ ನಾನು ತಪ್ಪೆನ್ನುವುದಿಲ್ಲ, ಕೆಲವರಿಗೆ ಅದು ಹೊಂದುತ್ತದೆ. ಆದರೆ ರಾತ್ರಿ ಹಿಡಿತ ತಪ್ಪುವವರಿಗೆ ಅದು ಹೊಂದುವುದಿಲ್ಲ.

ಕ್ರಂಚಸ್ ಬಿಡಿಸುವುದು ಇದಕ್ಕಿಂತ ಕಷ್ಟವಾಯಿತು. ಹೊಟ್ಟೆಯ ಸ್ನಾಯು ಉರಿಯುವಾಗ ಅದರ ಮೇಲಿನ ಕೊಬ್ಬೇ ಉರಿಯುತ್ತಿದೆ ಎಂಬ ಭಾವನೆ ಬಹಳ ಜನರಲ್ಲಿದೆ, ಅವರಲ್ಲೂ ಅದು ಬೇರೂರಿತ್ತು. ಸ್ನಾಯು ತನಗೆ ಬೇಕಾದ ಇಂಧನವನ್ನು ಮುಖ್ಯವಾಗಿ ತನ್ನ ದಾಸ್ತಾನಿನಿಂದ ಮತ್ತು ರಕ್ತದಿಂದ ಪಡೆಯುತ್ತದೆ. ರಕ್ತಕ್ಕೆ ಬರುವ ಕೊಬ್ಬಿನಾಮ್ಲಗಳು ಹಾರ್ಮೋನುಗಳ ಸೂಚನೆಯಂತೆ ದೇಹದ ಎಲ್ಲ ಭಾಗಗಳಿಂದಲೂ ಬಿಡುಗಡೆಯಾಗುತ್ತವೆ, ಯಾವ ಭಾಗ ಮೊದಲು ಕರಗಬೇಕೆಂಬುದನ್ನು ಆನುವಂಶಿಕತೆ, ಲಿಂಗ ಮತ್ತು ವಯಸ್ಸು ಬಹುಪಾಲು ನಿರ್ಧರಿಸುತ್ತವೆ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದಾಗ, ವರ್ಷಗಟ್ಟಲೆ ರ‍್ಯಾಕೆಟ್ ಹಿಡಿದ ತೋಳಿನ ಸ್ನಾಯು ದಪ್ಪವಾಗಿದ್ದರೂ ಚರ್ಮದಡಿಯ ಕೊಬ್ಬಿನ ಪದರದಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಈ ಉದಾಹರಣೆ ಅವರಿಗೆ ನಾಟಿತು, ಏಕೆಂದರೆ ಅವರೂ ಹಿಂದೆ ರ‍್ಯಾಕೆಟ್ ಹಿಡಿದವರು.

ಮುನ್ನೂರು ಕ್ರಂಚಸ್‌ನ ಬದಲು ತರಬೇತುದಾರರು ವಾರಕ್ಕೆ ಮೂರು ದಿನ ಇಡೀ ದೇಹದ ಭಾರ ವ್ಯಾಯಾಮ ಹಾಕಿಕೊಟ್ಟರು: ಸ್ಕ್ವಾಟ್, ಡೆಡ್‌ಲಿಫ್ಟ್, ಎಳೆಯುವ ಮತ್ತು ತಳ್ಳುವ ತಲಾ ಒಂದು ವ್ಯಾಯಾಮ, ಕೊನೆಯಲ್ಲಿ ಪ್ಲಾಂಕ್ ಮತ್ತು ಬದಿಯ ಪ್ಲಾಂಕ್. ಹೊಟ್ಟೆಯ ಸ್ನಾಯುವೂ ಉಳಿದ ಸ್ನಾಯುಗಳಂತೆಯೇ, ಸಂಖ್ಯೆ ಏರಿಸುವುದಕ್ಕಿಂತ ಹಂತಹಂತವಾಗಿ ಭಾರ ಏರಿಸಿದರೆ ಬೆಳೆಯುತ್ತದೆ ಮತ್ತು ಬೆಳೆಯಲು ಬಿಡುವನ್ನೂ ಕೇಳುತ್ತದೆ. ಉಳಿದ ದಿನಗಳಲ್ಲಿ ಚುರುಕು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಮತ್ತು ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿದೆ. ಅವರ ಯೋಜನೆ ಅದರೊಳಗೇ ಬರುತ್ತಿತ್ತು. ಮಧ್ಯರಾತ್ರಿಯ ವ್ಯಾಯಾಮ ನಿಂತದ್ದರಿಂದ ಒಂದೂವರೆ ಗಂಟೆ ನಿದ್ದೆ ಹೆಚ್ಚಿತು. ಇದು ಸಣ್ಣ ಲಾಭವಲ್ಲ. 2010ರ ಒಂದು ಚಿಕ್ಕ ಪ್ರಯೋಗದಲ್ಲಿ ಒಂದೇ ಬಗೆಯ ಪಥ್ಯದಲ್ಲಿದ್ದವರು ಎಂಟೂವರೆ ಗಂಟೆಯ ಬದಲು ಐದೂವರೆ ಗಂಟೆಯಷ್ಟೇ ಮಲಗಲು ಅವಕಾಶವಿದ್ದಾಗ ಹೆಚ್ಚುಕಡಿಮೆ ಅಷ್ಟೇ ತೂಕ ಕಳೆದುಕೊಂಡರೂ ಅದರಲ್ಲಿ ಕೊಬ್ಬಿನ ಪಾಲು ಬಹಳ ಕಡಿಮೆಯಾಗಿ, ಸ್ನಾಯುವಿನಂಥ ಕೊಬ್ಬೇತರ ಅಂಶದ ಪಾಲು ಹೆಚ್ಚಾಗಿತ್ತು.

ಇನ್ನು ಅಳತೆಯ ವಿಚಾರ. ಮನೆಯ ಟೇಪಿನಲ್ಲಿ ತಮ್ಮ ಸುತ್ತಳತೆ 91 ಎಂದು ಅವರು ಬರೆದುಕೊಂಡಿದ್ದರು. ಅಳೆದು ತೋರಿಸಿ ಎಂದಾಗ ಹೊಟ್ಟೆ ಒಳಗೆಳೆದು, ಸೊಂಟ ಅತಿ ಸಪೂರವಾಗಿ ಕಾಣುವಲ್ಲಿ ಟೇಪು ಬಿಗಿದರು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಬಿಂದುವನ್ನು ಬೆರಳಿನಿಂದ ಹುಡುಕಿ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ, ಚರ್ಮವನ್ನು ಒತ್ತದಂತೆ ಟೇಪು ಸುತ್ತಿದಾಗ 96 ಬಂತು. ಆ ಅಂಕಿ ನೋಡಿ ಅವರ ಮುಖ ಕಪ್ಪಿಟ್ಟಿತು. ಆದರೆ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಆರೋಗ್ಯದ ಅಳತೆಗೋಲಿನ ಪ್ರಕಾರ ಅವರ ಗುರಿ 86ರ ಆಸುಪಾಸು. ಅಂದರೆ ಕಡಿಮೆ ಮಾಡಿಕೊಳ್ಳಬೇಕೆಂಬ ಅವರ ಇಚ್ಛೆ ಬರಿಯ ಅಂದದ ಹುಚ್ಚಲ್ಲ, ಅದಕ್ಕೆ ಆರೋಗ್ಯದ ಆಧಾರವಿತ್ತು. ಕರುಳು, ಯಕೃತ್ತುಗಳ ಸುತ್ತ ಸೇರುವ ಒಳಕೊಬ್ಬು ಮಧುಮೇಹ ಮತ್ತು ಹೃದಯರೋಗಗಳಿಗೆ ಹಾದಿ ಮಾಡಿಕೊಡುತ್ತದೆ, ನಡಿಗೆಯಂಥ ನಿಯಮಿತ ವ್ಯಾಯಾಮಕ್ಕೆ ಅದು ಚೆನ್ನಾಗಿ ಮಣಿಯುತ್ತದೆ ಕೂಡ. ಇದನ್ನು ಹೇಳಿದ್ದರಿಂದ ಅವರಿಗೆ ಸಮಾಧಾನವಾಯಿತು. ತಮ್ಮನ್ನು ಯಾರೋ ಒಣ ಜಂಬದವರೆಂದು ಜರೆಯುತ್ತಾರೆಂಬ ಅಳುಕು ಅವರೊಳಗಿತ್ತು.

ಅಂಗಿ ಎತ್ತಿ ನೋಡುವ ಚಾಳಿಗೆ ಬೇರೆಯದೇ ಕ್ರಮ ಬೇಕಿತ್ತು. ಎಷ್ಟು ಸಲ ನೋಡುತ್ತೀರಿ, ನೋಡುವ ಮುನ್ನ ಮನಸ್ಸಿನಲ್ಲಿ ಏನಿತ್ತು, ನೋಡಿದ ಮೇಲೆ ಏನಾಯಿತು ಎಂಬುದನ್ನು ಒಂದು ವಾರ ಬರೆದಿಡಿ ಎಂದೆ. ಬರೆದ ಹಾಳೆ ತಂದಾಗ ಅವರಿಗೇ ನಾಚಿಕೆಯಾಗಿತ್ತು. ಕೆಲಸದಲ್ಲಿ ಮೇಲಧಿಕಾರಿಯ ಮಾತು ಚುಚ್ಚಿದಾಗಲೆಲ್ಲ ಅವರು ಶೌಚಾಲಯದ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಕನ್ನಡಿಯಿಂದ ಒಂದು ಸಲವೂ ಸಮಾಧಾನ ಸಿಕ್ಕಿರಲಿಲ್ಲ. ಆಲ್ಬಮ್ ಅಳಿಸಿಬಿಡಿ ಎಂದು ನಾನು ಹೇಳಲಿಲ್ಲ, ಹಾಗೆ ಅಳಿಸಿದವರು ಮರುವಾರ ಹೊಸದನ್ನು ಶುರುಮಾಡುತ್ತಾರೆ. ತಿಂಗಳಿಗೊಂದು ಚಿತ್ರ, ಎರಡು ವಾರಕ್ಕೊಮ್ಮೆ ಟೇಪು, ಅದೂ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ, ನಡುವೆ ನೋಡಬೇಕೆನಿಸಿದರೆ ಮೊದಲು ಆ ಕ್ಷಣದ ಬೇಸರವನ್ನು ಒಂದು ಸಾಲು ಬರೆಯುವುದು, ಇಷ್ಟೇ ನಿಯಮ. ಅವರು ಹೋಲಿಸಿಕೊಳ್ಳುತ್ತಿದ್ದ ಜಾಹೀರಾತಿನ ದೇಹಗಳ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಮೇಲಿನಿಂದ ಬೀಳುವ ಬೆಳಕು ಮತ್ತು ಬಿಗಿಹಿಡಿದ ಸ್ನಾಯು ಏನು ಮಾಡುತ್ತವೆಂಬುದು ಅವರದೇ ಬೆಳಗಿನ ಚಿತ್ರಗಳಲ್ಲಿತ್ತು.

ಐದು ತಿಂಗಳ ಕೊನೆಗೆ ತೂಕ 72.5 ಕೆ.ಜಿ., ಸುತ್ತಳತೆ 89 ಸೆಂ.ಮೀ. ಸಂಜೆಯ ಉಬ್ಬರ ಮೊದಲ ತಿಂಗಳಲ್ಲೇ ಬಹುಪಾಲು ಇಳಿದಿತ್ತು. ರಾತ್ರಿ ಹಿಡಿತ ತಪ್ಪುವುದು ತಿಂಗಳಿಗೊಮ್ಮೆ ಎಂಬಲ್ಲಿಗೆ ಬಂದಿತ್ತು, ಅಂಥ ರಾತ್ರಿಯ ಮರುದಿನವೂ ಬೆಳಗಿನ ಉಪಾಹಾರ ತಪ್ಪಿಸಬಾರದೆಂಬ ಕರಾರನ್ನು ಅವರು ಪಾಲಿಸಿದ್ದರು. ಹೊಟ್ಟೆಯ ಮೇಲ್ಭಾಗದಲ್ಲಿ ಗೆರೆಗಳು ತೆಳುವಾಗಿ ಕಾಣತೊಡಗಿದ್ದವು, ಹೊಕ್ಕುಳ ಕೆಳಗಿನ ಪದರ ಹಾಗೆಯೇ ಇತ್ತು. ಅದೂ ಹೋಗಬೇಕು, ಆರು ತುಂಡುಗಳು ಎಣಿಸುವಂತೆ ಕಾಣಬೇಕು ಎಂಬ ಆಸೆಯನ್ನು ಅವರು ಮುಂದಿಟ್ಟರು. ಆ ತುಂಡುಗಳು ನೇರ ಉದರ ಸ್ನಾಯುವನ್ನು ಅಡ್ಡಲಾಗಿ ಕಟ್ಟುವ ಸ್ನಾಯುರಜ್ಜುಗಳಿಂದ ಆದವು. ಅವುಗಳ ಸಂಖ್ಯೆ ಮತ್ತು ಸಾಲು ಹುಟ್ಟಿನಿಂದಲೇ ಬರುವುದರಿಂದ ಕೆಲವರಿಗೆ ನಾಲ್ಕು, ಕೆಲವರಿಗೆ ಎಂಟು, ಹಲವರಿಗೆ ಎಡಬಲ ಸಮವಿಲ್ಲದೆ ಕಾಣುತ್ತವೆ, ಯಾವ ವ್ಯಾಯಾಮವೂ ಅದನ್ನು ಬದಲಿಸದು. ಕುಳಿತಾಗ ಹೊಟ್ಟೆಯಲ್ಲಿ ಮಡಿಕೆ ಬೀಳುವುದು ಎಷ್ಟೇ ಸಪೂರ ಇದ್ದವರಿಗೂ ತಪ್ಪುವುದಿಲ್ಲವೆಂಬುದನ್ನೂ ಹೇಳಿದೆ.

ಸುತ್ತಳತೆ 86ಕ್ಕೆ ಇಳಿಯುವವರೆಗೆ ಇದೇ ಹಾದಿಯಲ್ಲಿ ಹೋಗಬಹುದು, ಆದರೆ ಮೊದಲು ಎರಡು ತಿಂಗಳು ತೂಕ ಇಳಿಸುವುದನ್ನು ನಿಲ್ಲಿಸಿ, ಖರ್ಚಿನಷ್ಟೇ ತಿಂದು, ವ್ಯಾಯಾಮವನ್ನು ಮಾತ್ರ ಮುಂದುವರಿಸಬೇಕೆಂದು ಸಲಹೆ ಕೊಟ್ಟೆ. ಅದರ ಆಚೆಗಿನ ತೆಳುವಿಗೆ ಹೋಗುವುದಾದರೆ ಹಸಿವು ಹೆಚ್ಚುವುದನ್ನು, ನಿದ್ದೆ ಮತ್ತು ಲೈಂಗಿಕ ಆಸಕ್ತಿ ಕುಗ್ಗುವುದನ್ನು ಕಾಯ್ದು ನೋಡಬೇಕಾಗುತ್ತದೆ. ಅವರು ಎರಡು ತಿಂಗಳ ಬಿಡುವಿಗೆ ಅರೆಮನಸ್ಸಿನಿಂದ ಒಪ್ಪಿದ್ದಾರೆ. ಸತತ ಎರಡು ವಾರ ರಾತ್ರಿಯ ತಿನ್ನುವಿಕೆ ಮರಳಿದರೆ, ಇಲ್ಲವೇ ಊಟ ಬಿಡುವ ಆಲೋಚನೆ ಹಗಲಿಡೀ ಕಾಡತೊಡಗಿದರೆ, ಟೇಪು ಹಿಡಿಯದೆ ನೇರವಾಗಿ ನನಗೆ ಕರೆ ಮಾಡುವುದೆಂದು ಬರೆದುಕೊಂಡು ಹೋಗಿದ್ದಾರೆ.