ಮಿನಿ ಟ್ರ್ಯಾಕ್ಟರನ್ನು ಪಿಕಪ್‌ನಲ್ಲಿ ಘಾಟಿ ಇಳಿಸೋಕೆ ನೈಲಾನ್ ಹಗ್ಗ ಸಾಕಾ?

ಹಾಸನದಲ್ಲಿ ಕೊಂಡ ಮಿನಿ ಟ್ರ್ಯಾಕ್ಟರನ್ನು ಶಿರಾಡಿ ಘಾಟಿಯಲ್ಲಿ ಇಳಿಸಿ ಪುತ್ತೂರಿನ ತೋಟಕ್ಕೆ ಒಯ್ಯಬೇಕು, ಪಿಕಪ್ ಡ್ರೈವರ್ ನೈಲಾನ್ ಹಗ್ಗ ಸಾಕು ಅಂತಾರೆ ಎಂದು ಕೇಳಿದ್ದೀರಿ. ಸಾಕಾಗಲ್ಲ. ಹಗ್ಗ ಕಟ್ಟಿಕೊಂಡೇ ಎಷ್ಟೋ ಗಾಡಿ ಊರು ಸೇರಿವೆ, ನಿಜ. ಆದರೆ ಅವಕ್ಕೆ ದಾರಿಯಲ್ಲಿ ಜೋರಾಗಿ ಬ್ರೇಕ್ ಹಾಕುವ ಪ್ರಸಂಗ ಬಂದಿರಲಿಕ್ಕಿಲ್ಲ, ಅಷ್ಟೇ.

ಟ್ರ್ಯಾಕ್ಟರ್ 800 ಕಿಲೋ ಇದೆ ಅಂತಿಟ್ಟುಕೊಳ್ಳಿ. ಜೋರು ಬ್ರೇಕಿಗೆ ತೂಕದ ಶೇ. 80ರಷ್ಟು ಬಲ ಮುಂದಕ್ಕೆ ನೂಕುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಅಂದರೆ 640 ಕಿಲೋ, ನೇರ ಕ್ಯಾಬಿನ್ ಕಡೆಗೆ. ತಿರುವಿನಲ್ಲಿ ಪಕ್ಕಕ್ಕೆ ಟ್ರ್ಯಾಕ್ಟರ್ ತೂಕದ ಅರ್ಧ, ಅಂದರೆ 400 ಕಿಲೋ. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಪಿಕಪ್ ಬಾಡಿಯ ಅಂಚಿಗೆ ಉಜ್ಜಿ ಸವೆಯುತ್ತದೆ. ಒಂದೇ ಉದ್ದದ ಹಗ್ಗ ಸುತ್ತಿದ್ದರೆ ಇನ್ನೂ ಕಷ್ಟ. ಒಂದು ಕಡೆ ತುಂಡಾದರೆ ಎಲ್ಲವೂ ಸಡಿಲ.

50 ಮಿ.ಮೀ. ಅಗಲದ ರ‍್ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ) ನಾಲ್ಕು ತನ್ನಿ. ಮೂಲೆಗೊಂದು, ಒಂದಕ್ಕೊಂದು ಸಂಬಂಧ ಇರಬಾರದು. ಬೆಲ್ಟಿನ ಮೇಲೆ 5 ಟನ್ ಅಂತ ದೊಡ್ಡದಾಗಿ ಬರೆದಿದ್ದರೆ ಅದು ಹರಿದುಹೋಗುವ ಭಾರ ಇರಬಹುದು. ಕೆಲಸಕ್ಕೆ ಅದರ ಮೂರನೇ ಒಂದು ಪಾಲನ್ನೇ ನಂಬಿ. ಎರಡು ಬೆಲ್ಟ್ ಮುಂದಿನ ಆಕ್ಸಲ್‌ನಿಂದ ಬಾಡಿಯ ಮುಂದಿನ ಮೂಲೆಗಳಿಗೆ, ಎರಡು ಹಿಂದಿನ ಡ್ರಾಬಾರ್ (ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಪಟ್ಟಿ) ಕಡೆಯಿಂದ ಹಿಂದಿನ ಮೂಲೆಗಳಿಗೆ, ಸ್ವಲ್ಪ ಓರೆಯಾಗಿ. ಘಾಟಿ ಇಳಿಯುವಾಗ ಟ್ರ್ಯಾಕ್ಟರ್ ಮುಂದಕ್ಕೆ ಜಾರದಂತೆ ಹಿಡಿಯೋದು ಈ ಹಿಂದಿನ ಎರಡೇ. ಹಾಗಾಗಿ ಒಳ್ಳೆಯ ಬೆಲ್ಟ್ ಅಲ್ಲಿಗೆ ಹಾಕಿ. ಸ್ಟಿಯರಿಂಗ್ ರಾಡು, ಹೈಡ್ರಾಲಿಕ್ ಪೈಪು, ಬಂಪರ್, ಲಿಂಕ್ ಆರ್ಮ್ (ಹಿಂದೆ ಉಪಕರಣ ಎತ್ತುವ ತೋಳು) ಇವಕ್ಕೆಲ್ಲ ಹುಕ್ ಹಾಕಬೇಡಿ. ಬಾಡಿಯ ಕಡೆಯೂ ಅಷ್ಟೇ, ತಗಡಿನ ಅಂಚಿಗಲ್ಲ, ಚಾಸಿಗೆ ಸೇರಿದ ಕೊಂಡಿಗೆ.

ಹತ್ತಿಸುವಾಗ ಒಂದು ವಿಷಯ ಬಹಳ ಜನ ಮರೀತಾರೆ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಲಾಕ್ ಮಾಡಿ ಒಂದು ಮಾಡಿಕೊಳ್ಳಿ. ಹೊಲದಲ್ಲಿ ಬಿಡಿ ಬಿಡಿಯಾಗಿ ಬಳಸುತ್ತಿದ್ದ ಪೆಡಲ್ ಹಲಗೆ ಮೇಲೆ ಒಂದೇ ಚಕ್ರ ಹಿಡಿದರೆ ಗಾಡಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಹಲಗೆಗಿಂತ ದಿಬ್ಬಕ್ಕೆ ಪಿಕಪ್‌ನ ಹಿಂಬದಿ ತಾಗಿಸಿ ನಿಲ್ಲಿಸಿ ಹತ್ತಿಸೋದೇ ವಾಸಿ. ಹಿಂದೆ ರೋಟವೇಟರ್ (ಮಣ್ಣು ಪುಡಿ ಮಾಡುವ ಉಪಕರಣ) ಇದ್ದರೆ ಬಿಚ್ಚಿ ಬೇರೆ ಕಳಿಸಿ, ಇಲ್ಲದಿದ್ದರೆ ಹಿಂದಿನ ಡೋರ್ ಮುಚ್ಚಲ್ಲ.

ಮೇಲೆ ನಿಂತ ಮೇಲೆ ಲೋ ಗೇರ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಮರದ ತುಂಡು ಕೊಟ್ಟು ಮೊಳೆ ಹೊಡೆಯಿರಿ. ಬಾಡಿ ತಗಡಿನದಾದರೆ ಮೊಳೆ ಇಳಿಯಲ್ಲ, ತುಂಡುಗಳ ನಡುವೆ ಅಡ್ಡ ಪಟ್ಟಿ ಕೊಡಿ. ಸೀಟಿನ ಮೇಲೆ ಯಾರನ್ನೂ ಕೂರಿಸಬೇಡಿ. ‘ಹಿಡ್ಕೊಂಡು ಕೂರ್ತೀನಿ ಬಿಡಿ’ ಅನ್ನೋ ಧೀರರು ಎಲ್ಲಾ ಊರಲ್ಲೂ ಇರ್ತಾರೆ.

ಟಯರ್ ಕುಣಿಯುವುದರಿಂದ ಬೆಲ್ಟ್ ಸಡಿಲ ಆಗೇ ಆಗುತ್ತದೆ. ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ಮಾಡಿ. ಆಮೇಲೆ ಸಕಲೇಶಪುರದಲ್ಲಿ, ಘಾಟಿ ಶುರುವಾಗುವ ಮುಂಚೆ, ಇನ್ನೊಮ್ಮೆ. ಡ್ರೈವರ್ ಗೊಣಗಿದರೆ ಚಹಾ ಕುಡಿಸಿ. ತೋಟ ಮುಟ್ಟಿದ ಮೇಲೆ ಹ್ಯಾಂಡ್‌ಬ್ರೇಕ್ ನೋಡಿಕೊಂಡೇ ಮೊದಲ ಬೆಲ್ಟ್ ಬಿಚ್ಚಿ. ದಾರಿಯ ಕುಲುಕಿಗೆ ಅದು ಬಿಟ್ಟುಕೊಂಡಿರುವುದೂ ಉಂಟು.