ಮುಂದಿನ ರಿಲೀಸ್‌ಗೆ ಯಾವ ಫೀಚರ್ ಮೊದಲು, ಯಾವುದು ಆಮೇಲೆ?

ನಿಮ್ಮ ಪರಿಸ್ಥಿತಿ ನನಗೆ ಅರ್ಥವಾದದ್ದು ಹೀಗೆ: ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಪಾಠದ ಬಗ್ಗೆ ಚರ್ಚೆ ಮಾಡುವ ಸಾಫ್ಟ್‌ವೇರ್, ನಾಲ್ಕು ಜನ ಡೆವಲಪರ್‌ಗಳು, ಸೆಮಿಸ್ಟರ್ ಶುರುವಾಗಲು 12 ವಾರ, ಪಟ್ಟಿಯಲ್ಲಿ 40 ಫೀಚರ್. ಬಳಸುವವರ ಸರ್ವೇ ಮಾಡಿದರೆ ಡಾರ್ಕ್ ಮೋಡ್‌ಗೆ (ಕಪ್ಪು ಹಿನ್ನೆಲೆ, ತಿಳಿ ಬಣ್ಣದ ಅಕ್ಷರ) ಎಲ್ಲಕ್ಕಿಂತ ಜಾಸ್ತಿ ವೋಟು ಬಿದ್ದಿದೆ. ಅದನ್ನೇ ಮೊದಲು ಮಾಡಬೇಕಾ ಅಂತ ಕೇಳಿದ್ದೀರಿ.

ಬೇಡ. ಇಂಥದ್ದೇ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ನಾನು ಕೆಲವು ವರ್ಷ ಇದ್ದೆ. ಇಂಥದ್ದೇ ಪಟ್ಟಿ ಮುಂದಿಟ್ಟುಕೊಂಡು ತಲೆ ಕೆರೆದುಕೊಂಡಿದ್ದೇನೆ. ಸರ್ವೇ ತುಂಬುವವರು ಈಗಾಗಲೇ ನಿಮ್ಮ ಸಾಫ್ಟ್‌ವೇರ್‌ಗೆ ಒಗ್ಗಿಕೊಂಡವರು. ದಿನಾ ಬಂದು ಹೋಗುವವರಿಗೆ ಕಣ್ಣು ಕುಕ್ಕುವ ಬಿಳಿ ಪರದೆಯೇ ದೊಡ್ಡ ಕಷ್ಟ. ಒಂದೇ ಒಂದು ಪ್ರಶ್ನೆ ಕೇಳಿ, ಮೂರು ದಿನ ಕಾದು, ಉತ್ತರ ಸಿಗದೆ ಹೋದವರು ವೋಟು ಹಾಕಲು ವಾಪಸ್ ಬರುವುದಿಲ್ಲ, ಅಲ್ವಾ?

ಹಾಗಾಗಿ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮ್ಮಲ್ಲಿ ಕೇಳಿದ ಪ್ರಶ್ನೆ ಎಲ್ಲಿ ಸಾಯುತ್ತದೆ ಅಂತ ನೋಡಿ. ಕಳೆದ ಸೆಮಿಸ್ಟರ್‌ನಲ್ಲಿ ಯಾರೂ ಉತ್ತರ ಕೊಡದ ಒಂದು 50 ಪ್ರಶ್ನೆ ತೆಗೆದುಕೊಂಡು, ಇಡೀ ತಂಡ ಕೂತು ಒಂದೊಂದಾಗಿ ಓದಿ. ನಾವು ಹಾಗೆ ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು, ಮೇಷ್ಟ್ರುಗಳು ಎಷ್ಟೋ ಪ್ರಶ್ನೆಗಳನ್ನು ನೋಡಿಯೇ ಇರಲಿಲ್ಲ ಅನ್ನುವುದು. ನಮ್ಮ ಸಾಫ್ಟ್‌ವೇರ್ ಪ್ರತಿ ಪೋಸ್ಟ್‌ಗೂ ಒಂದು ಮೇಲ್ ಕಳಿಸುತ್ತಿತ್ತು. ಅವರು ಬೇಸತ್ತು ಆ ಮೇಲ್‌ಗಳೆಲ್ಲ ಒಂದು ಫೋಲ್ಡರ್‌ಗೆ ಹೋಗುವಂತೆ ಮಾಡಿಕೊಂಡಿದ್ದರು. ಆ ಫೋಲ್ಡರ್ ಯಾರೂ ತೆರೆಯುತ್ತಿರಲಿಲ್ಲ. ಇನ್ನು ಕೆಲವು ಪ್ರಶ್ನೆಗಳು ಯಾವುದೋ ಉದ್ದ ಥ್ರೆಡ್‌ನ (ಒಂದು ಪೋಸ್ಟ್ ಮತ್ತು ಅದರ ಉತ್ತರಗಳ ಸಾಲಿನ) ಬಾಲದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಕೆಲವಕ್ಕೆ ಉತ್ತರ ಹಿಂದಿನ ವಾರವೇ ಬೇರೆ ಕಡೆ ಇತ್ತು, ಸರ್ಚ್ ಹುಡುಕಿಕೊಡಲಿಲ್ಲ ಅಷ್ಟೇ. ದಿನಕ್ಕೆ ಒಂದೇ ಮೇಲ್, ಅದರಲ್ಲಿ ಉತ್ತರ ಸಿಗದ ಪ್ರಶ್ನೆಗಳು ಎಲ್ಲಕ್ಕಿಂತ ಮೇಲೆ: ಇಂಥದ್ದೊಂದು ಫೀಚರ್ ಬೇಕು ಅಂತ ಒಬ್ಬರೂ ಕೇಳಿರಲಿಲ್ಲ. ಅದೇ ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಯಿತು.

ಡೇಟಾಬೇಸ್‌ನಲ್ಲಿ ಕಾಣದ ಸಾವೂ ಒಂದಿದೆ. ಟೆಸ್ಟಿಂಗ್‌ಗೆ ಅಂತ ಒಬ್ಬ ವಿದ್ಯಾರ್ಥಿನಿಯ ಪಕ್ಕದಲ್ಲಿ ಕೂತಿದ್ದೆ. ‘ಎರಡನೇ ಸ್ಟೆಪ್‌ನಲ್ಲಿ ಮೈನಸ್ ಹೇಗೆ ಬಂತು’ ಅಂತ ಟೈಪ್ ಮಾಡಿದಳು. ನಿಲ್ಲಿಸಿದಳು. ಎಲ್ಲ ಅಳಿಸಿದಳು. ‘ಇದು ದಡ್ಡ ಪ್ರಶ್ನೆ ಅನ್ನಿಸಬಹುದು, ಆದರೆ’ ಅಂತ ಮತ್ತೆ ಶುರು ಮಾಡಿದಳು. ಅದನ್ನೂ ಅಳಿಸಿದಳು. ಕೊನೆಗೆ ಟ್ಯಾಬ್ ಮುಚ್ಚಿ, "ಇರ್ಲಿ ಸರ್, ಫ್ರೆಂಡ್‌ನ ಕೇಳ್ಕೋತೀನಿ" ಅಂದಳು. ನಮ್ಮ ಲಾಗ್‌ನಲ್ಲಿ ಅವಳು ಪೇಜ್ ತೆರೆದು ಹೋದವಳು, ಅಷ್ಟೇ.

ಹೆಸರಿಲ್ಲದೆ ಪ್ರಶ್ನೆ ಕೇಳುವ ಫೀಚರ್ ಅಲ್ಲಿಂದ ಹುಟ್ಟಿತು. ಸಹಪಾಠಿಗಳಿಗೆ ಹೆಸರು ಕಾಣುವುದಿಲ್ಲ, ಮೇಷ್ಟ್ರಿಗೆ ಕಾಣುತ್ತದೆ. ಮೇಷ್ಟ್ರಿಂದಲೂ ಮುಚ್ಚಿಟ್ಟರೆ ಯಾರಾದರೂ ಕೆಟ್ಟದಾಗಿ ಬರೆದಾಗ ಹಿಡಿಯುವುದು ಕಷ್ಟ, ಅದಕ್ಕೇ ಹೀಗೆ. ಎರಡು ವಾರದ ಕೆಲಸ ಅಂದುಕೊಂಡೆವು. ಎರಡೇ ವಾರದಲ್ಲಿ ಮುಗಿಸಿಯೂ ಬಿಟ್ಟೆವು. ಪರದೆಯ ಮೇಲೆ ಹೆಸರು ಮಾಯ. ಆದರೆ ಅದೇ ಪೋಸ್ಟ್ ಮೇಲ್ ಆಗಿ ಹೋದಾಗ, ಕಳಿಸಿದವರ ಜಾಗದಲ್ಲಿ ಪೂರ್ತಿ ಹೆಸರು ಇಡೀ ತರಗತಿಯ ಇನ್‌ಬಾಕ್ಸ್‌ಗೆ ಹೋಯಿತು. ಹೋದ ಮೇಲ್ ವಾಪಸ್ ತರೋಕಾಗಲ್ಲ. ಕ್ಷಮೆ ಕೇಳಿ ಪತ್ರ ಬರೆದವನು ನಾನೇ. ಆಮೇಲೆ ಕೂತು ನೋಡಿದರೆ ಹೆಸರು ಸೋರುವ ತೂತು ಇನ್ನೂ ಇದ್ದವು: ಪ್ರೊಫೈಲ್‌ನಲ್ಲಿರುವ ಪೋಸ್ಟ್ ಪಟ್ಟಿ, ಹೆಸರು ಹಾಕಿ ಮಾಡುವ ಸರ್ಚ್, ಎಡಿಟ್ ಹಿಸ್ಟರಿ, ಡೌನ್‌ಲೋಡ್ ಮಾಡುವ ಫೈಲ್. ನಿಮ್ಮ 40 ಫೀಚರ್‌ಗಳಲ್ಲಿ ಪ್ರತಿಯೊಂದರ ಮುಂದೆ ‘ಇದು ಇನ್ನೆಲ್ಲೆಲ್ಲಿ ಕೈ ಹಾಕುತ್ತದೆ’ ಅಂತ ಬರೆಯಿರಿ. ಎಷ್ಟು ವಾರ ಬೇಕು ಅಂತ ಅದಾದ ಮೇಲೆ ಹೇಳಿ. ಅರ್ಧಂಬರ್ಧ ಮಾಡಿದರೆ ಯಾರಿಗೋ ನೋವಾಗುವಂಥ ಫೀಚರ್ ಇದ್ದರೆ, ಪೂರ್ತಿ ಮಾಡಿ ಇಲ್ಲವೇ ಈ ಸಲ ಮುಟ್ಟಲೇಬೇಡಿ.

ಈಗ ಲೆಕ್ಕಾಚಾರದ ವಿಷಯ. ಫೀಚರ್‌ಗಳಿಗೆ ಅಂಕ ಹಾಕುವ ರೈಸ್ ಅನ್ನುವ ವಿಧಾನ ನೀವು ಕೇಳಿರುತ್ತೀರಿ. ಎಷ್ಟು ಜನರಿಗೆ ಮುಟ್ಟುತ್ತದೆ, ಎಷ್ಟು ಪರಿಣಾಮ, ಎಷ್ಟು ಖಾತ್ರಿ, ಈ ಮೂರನ್ನೂ ಗುಣಿಸಿ, ಬೇಕಾಗುವ ಶ್ರಮದಿಂದ ಭಾಗಿಸುವುದು. ಒಂದು ಎಕ್ಸೆಲ್ ಶೀಟ್‌ನಲ್ಲಿ ಮುಗಿಯುತ್ತದೆ. ಆದರೆ ಬರುವ ಅಂಕೆಯನ್ನು ಜಾಸ್ತಿ ನಂಬಬೇಡಿ. ಚರ್ಚಾ ಸಾಫ್ಟ್‌ವೇರ್‌ನಲ್ಲಿ ಮೇಷ್ಟ್ರುಗಳ ಸಂಖ್ಯೆ ಕಡಿಮೆ, ವಿದ್ಯಾರ್ಥಿಗಳದ್ದು ಜಾಸ್ತಿ. ಬರೀ ತಲೆ ಎಣಿಸಿದರೆ ಮೇಷ್ಟ್ರ ಕೆಲಸ ಹಗುರ ಮಾಡುವ ಫೀಚರ್ ಯಾವತ್ತೂ ಸೋಲುತ್ತದೆ. ಒಬ್ಬ ಮೇಷ್ಟ್ರು ಬೇಸತ್ತು ಬಿಟ್ಟರೆ ಅವರ ಹಿಂದೆ ಇಡೀ ತರಗತಿಯೇ ಹೋಗುತ್ತದೆ, ಇದನ್ನು ಆ ಶೀಟ್ ಹೇಳುವುದಿಲ್ಲ. ನನಗೆ ಅದರಲ್ಲಿ ಕೆಲಸಕ್ಕೆ ಬಂದದ್ದು ಖಾತ್ರಿಯ ಕಾಲಂ ಒಂದೇ. 100, 80, 50 ಅಂತ ಶೇಕಡಾವಾರು ಹಾಕುವಾಗ ‘ಇದು ನಮಗೆ ಹೇಗೆ ಗೊತ್ತು’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಜಗಳ ಆಗಲಿ.

ಇನ್ನೊಂದು, ನೊರಿಯಾಕಿ ಕಾನೊ ಅನ್ನುವ ಜಪಾನಿ ಪ್ರೊಫೆಸರ್ 1984ರಲ್ಲಿ ಮುಂದಿಟ್ಟ ಮಾದರಿ. ಕೆಲವು ಗುಣಗಳು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಸಿಟ್ಟು ಬರುತ್ತದೆ ಅನ್ನುವುದು ಅದರಲ್ಲಿ ಒಂದು ಮಾತು. ಅರ್ಧ ಗಂಟೆ ಕೂತು ಬರೆದದ್ದು ನೆಟ್ ಹೋದಾಗ ಉಳಿಯಬೇಕು, ಓದದ ಪೋಸ್ಟ್ ಯಾವುದು ಅಂತ ಗೊತ್ತಾಗಬೇಕು. ಇವನ್ನು ಸರ್ವೇಯಲ್ಲಿ ಯಾರೂ ಕೇಳುವುದಿಲ್ಲ. ಇರುತ್ತವೆ ಅಂದುಕೊಂಡಿರುತ್ತಾರೆ. ನಿಮ್ಮಲ್ಲಿ ಡ್ರಾಫ್ಟ್ ತಾನಾಗಿ ಸೇವ್ ಆಗುತ್ತಿಲ್ಲ ಅಂತಾದರೆ ಉಳಿದ ಮಾತೆಲ್ಲ ಆಮೇಲೆ.

ನಿಮ್ಮದು ಕಲಿಕೆಗೆ ಅಂತ ಇರುವ ಸಾಫ್ಟ್‌ವೇರ್, ಸುಮ್ನೆ ಹರಟೆಗಲ್ಲ. ಕಲಿಕೆಗೆ ಮಾತ್ರ ಬೇಕಾಗುವಂಥ ಫೀಚರ್‌ಗೆ ಸ್ವಲ್ಪ ಜಾಸ್ತಿ ತೂಕ ಕೊಡಿ. ಶಾಲೆ, ಕಾಲೇಜುಗಳು ಪಾಠಕ್ಕೆ ಬಳಸುವ ಮೂಡಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಬಗೆಯ ಚರ್ಚೆ ಇದೆ: ನಿಮ್ಮ ಉತ್ತರ ಹಾಕುವ ತನಕ ಬೇರೆಯವರ ಉತ್ತರ ಕಾಣುವುದಿಲ್ಲ. ನೋಡಿ ಬರೆಯುವುದು ಅಲ್ಲಿಗೆ ನಿಂತಿತು. ಅದರಲ್ಲೇ, ಪೋಸ್ಟ್ ಹಾಕಿದ ಮೇಲೆ ತಿದ್ದಲು ಸಾಮಾನ್ಯವಾಗಿ 30 ನಿಮಿಷ ಸಿಗುತ್ತದೆ, ಮೇಲ್ ಹೋಗುವುದು ಆ ಹೊತ್ತು ಕಳೆದ ಮೇಲೆ. ಚಿಕ್ಕ ವಿಷಯ, ಆದರೆ ತಪ್ಪು ಬರೆದು ನಾಚಿಕೊಳ್ಳುವ ಹುಡುಗನಿಗೆ ಅದು ಚಿಕ್ಕದಲ್ಲ. ಇಮೋಜಿ, ಬ್ಯಾಡ್ಜ್ ಎಲ್ಲ ಇದರ ಮುಂದೆ ಕಾಯಬಹುದು.

ಕೀಬೋರ್ಡ್‌ನಿಂದಲೇ ಎಲ್ಲ ಬಳಸಲು ಆಗುವುದು, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಹೊಂದುವುದು, ಇವನ್ನು ಫೀಚರ್ ಪಟ್ಟಿಯಲ್ಲಿ ಇಡಲೇಬೇಡಿ. ಪಟ್ಟಿಯಲ್ಲಿದ್ದರೆ ಪ್ರತಿ ಸಲವೂ ವೋಟಿನಲ್ಲಿ ಸೋಲುತ್ತವೆ. ಅದು ಪ್ರತಿ ಫೀಚರ್‌ನ ಒಳಗೇ ಇರಬೇಕಾದ ಕೆಲಸ. ಅಂದಹಾಗೆ, ಡಾರ್ಕ್ ಮೋಡ್ ಅಗ್ಗದ ಕೆಲಸ ಅಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1 ಕಾಂಟ್ರಾಸ್ಟ್ ಇರಬೇಕು ಅಂತ ಡಬ್ಲ್ಯೂಸಿಎಜಿ (ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅನ್ನುವ ಮಾರ್ಗಸೂಚಿ) ನಿಯಮದ ಎಎ ಮಟ್ಟ ಹೇಳುತ್ತದೆ. ಡಾರ್ಕ್ ಮೋಡ್ ಬಂದರೆ ಪ್ರತಿ ಬಣ್ಣವನ್ನೂ ಎರಡೆರಡು ಸಲ ಚೆಕ್ ಮಾಡಬೇಕು. ಮೇಷ್ಟ್ರು ಬಿಳಿ ಹಿನ್ನೆಲೆಯಲ್ಲಿ ಅಂಟಿಸಿದ ಚಿತ್ರಗಳು, ಸೂತ್ರಗಳು ಏನಾಗುತ್ತವೆ ಅಂತ ನೋಡಬೇಕು.

ಕೊನೆಗೆ ಕ್ಯಾಲೆಂಡರ್. ನಿಮ್ಮ ತಾರೀಕು ಜಗ್ಗುವುದಿಲ್ಲ, ಜಗ್ಗಬೇಕಾದದ್ದು ಪಟ್ಟಿ. ಕೆಲಸಗಳನ್ನು ಅಗತ್ಯದ ಪ್ರಕಾರ ವಿಂಗಡಿಸುವ ಮಾಸ್ಕೋ ವಿಧಾನ ಬಳಸುವವರು ‘ಇದಿಲ್ಲದೆ ಆಗಲ್ಲ’ ಅನ್ನುವ ಕೆಲಸ ಒಟ್ಟು ಶ್ರಮದಲ್ಲಿ ಶೇ. 60 ದಾಟಬಾರದು ಅನ್ನುತ್ತಾರೆ. ನಾಲ್ಕು ಜನರ 12 ವಾರ ಅಂದರೆ ಒಬ್ಬರ ಲೆಕ್ಕದಲ್ಲಿ 48 ವಾರದ ಕೆಲಸ, ಅದರಲ್ಲಿ 28ಕ್ಕಿಂತ ಜಾಸ್ತಿ ಮಾತು ಕೊಡಬೇಡಿ. ಥ್ರೆಡ್‌ನ ರಚನೆಯನ್ನೇ ಬದಲಿಸುವಂಥ, ಹಳೆಯ ಡೇಟಾ ಮುಟ್ಟುವಂಥ ಕೆಲಸ ಮೊದಲ ನಾಲ್ಕು ವಾರದಲ್ಲಿ ಆಗಲಿ, ಇಲ್ಲವೇ ಮುಂದಿನ ರಿಲೀಸ್‌ಗೆ ಹೋಗಲಿ. ಕೊನೆಯ ಎರಡು ವಾರ ಹೊಸದೇನೂ ಬೇಡ, ಬರೀ ಬಗ್.

ಡಾರ್ಕ್ ಮೋಡ್ ಕೇಳಿದವರಿಗೆ ‘ಈ ಸಲ ಇಲ್ಲ, ಕಾರಣ ಇದು’ ಅಂತ ನೇರವಾಗಿ ಹೇಳಿ. ನಾವು ಮೂರನೇ ರಿಲೀಸ್‌ನಲ್ಲಿ ಮಾಡಿದೆವು. ಅದು ಬಂದ ಮೇಲಿನ ಮೊದಲ ಸರ್ವೇಯಲ್ಲಿ ಎಲ್ಲಕ್ಕಿಂತ ಜಾಸ್ತಿ ವೋಟು ಬಿದ್ದದ್ದು, ಬೇರೆ ಬೇರೆ ಬಣ್ಣದ ಥೀಮ್ ಬೇಕು ಅನ್ನುವುದಕ್ಕೆ.