ಆಟ ಓಡುತ್ತದೆ, ಸದ್ದೇ ಇಲ್ಲ

ಪ್ರಶ್ನೆ: 1981ರ ಅಟಾರಿ ಸೆಂಟಿಪೀಡ್ ಕ್ಯಾಬಿನೆಟ್ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರ). ಚಿತ್ರ ಸ್ಪಷ್ಟ, ಶಬ್ದ ಮಾತ್ರ ಪೂರ್ತಿ ಬಂದ್. ಆಂಪ್ಲಿಫೈಯರ್ ಹೋಗಿರಬಹುದೇ?

ಉತ್ತರ: ಮೊದಲು ನಾಣ್ಯ ಹಾಕಿ ಆಡಿ ನೋಡಿ, ಡೆಮೊ ಓಡುವಾಗ ಯಂತ್ರ ಸುಮ್ಮನಿರುವುದು ದೋಷವಲ್ಲ. ನಾಣ್ಯದ ಬಾಗಿಲೊಳಗಿನ ವಾಲ್ಯೂಮ್ ಪಾಟ್ (ಶಬ್ದ ಹೆಚ್ಚು-ಕಡಿಮೆ ಮಾಡುವ ತಿರುಗುಗುಂಡಿ) ಅನ್ನು ಹತ್ತಿಪ್ಪತ್ತು ಸಲ ತಿರುಗಿಸಿ, ಒಳಗಿನ ಕಿಲುಬು ಉದುರಲಿ. ಸ್ಪೀಕರ್ ತಂತಿ ಬಿಚ್ಚಿ 1.5 ವೋಲ್ಟ್ ಸೆಲ್ ತಾಗಿಸಿ. 'ಟಕ್' ಎಂದರೆ ಸ್ಪೀಕರ್ ಸರಿಯಿದೆ.

ಇನ್ನು ಎಆರ್‌-2 ಬೋರ್ಡ್, ಅಂದರೆ ಆಂಪ್ಲಿಫೈಯರ್ ಮತ್ತು ವೋಲ್ಟೇಜ್ ರೆಗ್ಯುಲೇಟರ್ ಇರುವ ಬೋರ್ಡ್. ಅದರಲ್ಲಿ ಟಿಡಿಎ2002 ಎಂಬ ಆಂಪ್ಲಿಫೈಯರ್ ಐಸಿ ಎರಡಿವೆ, ತಲಾ ಐದು ಕಾಲು. ಮೀಟರಿನ ಕಪ್ಪು ತುದಿ 3ನೇ ಕಾಲಿಗೆ ಇಟ್ಟು 5ನೇ ಕಾಲಿನ ಸಪ್ಲೈ ಅಳೆಯಿರಿ. ಅಲ್ಲಿ ಸೊನ್ನೆಯಾದರೆ ಫ್ಯೂಸ್, ಕನೆಕ್ಟರ್ ನೋಡಿ, ಐಸಿಯನ್ನು ಬೈಯಬೇಡಿ. ಸಪ್ಲೈ ಇದ್ದರೆ 4ನೇ ಕಾಲಿನಲ್ಲಿ ಅದರ ಅರ್ಧದಷ್ಟು ಬರಬೇಕು. ಸೊನ್ನೆಯೋ ಪೂರ್ತಿ ವೋಲ್ಟೇಜೋ ಬಂದರೆ ಐಸಿ ಸತ್ತಿದೆ ಎನ್ನಬಹುದು. ಟಿಡಿಎ2003 ಅದೇ ಕಾಲುಗಳಿಗೆ ಕೂರುತ್ತದೆ, ಹೀಟ್‌ಸಿಂಕ್ ಪೇಸ್ಟ್ ಮರೆಯಬೇಡಿ. 4ನೇ ಕಾಲಿನ ಅರ್ಧ ವೋಲ್ಟೇಜ್ ಸರಿಯಿದ್ದೂ ಮೌನವೆಂದರೆ ಔಟ್‌ಪುಟ್ ಕೆಪಾಸಿಟರ್ ಒಣಗಿರಬಹುದು. 1ನೇ ಕಾಲಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದಾಗ ಗುಂಯ್ ಎಂದರೆ ಆಂಪ್ಲಿಫೈಯರ್ ನಿರ್ದೋಷಿ, ಹುಡುಕಾಟ ಗೇಮ್ ಬೋರ್ಡಿನಲ್ಲಿ ಶಬ್ದ ಹುಟ್ಟಿಸುವ ಪೋಕಿ ಚಿಪ್ ಕಡೆಗೆ.

ಹಾಂ, ಪ್ಲಗ್ ಕಿತ್ತರೂ ಮಾನಿಟರಿನ ಆನೋಡ್ (ಚಿತ್ರನಳಿಗೆಗೆ ಹೈವೋಲ್ಟೇಜ್ ತಂತಿ ಸೇರುವ ಜಾಗ) ಬಳಿ ಕೈ ಬೇಡ.